ಅಮ್ಮ ಬಿಟ್ಟುಕೊಡದ ಹಳೆಯ ಗಟರ್

ಗೆಳೆಯರೇ, ಇವತ್ತು ಬೆಳಿಗ್ಗೆ ಫ್ಲೂಗರ್‌ವಿಲ್‌ನ ನಮ್ಮ ಮನೆಯ ಮುಂದೆ ಹಗ್ಗಜಗ್ಗಾಟ ನಡೆಯಿತು. ಹಗ್ಗದ ಬದಲು ಗಟರ್, ಅಂದರೆ ಸೂರಿನಿಂದ ಇಳಿಯುವ ಮಳೆನೀರನ್ನು ಹಿಡಿಯುವ ಉದ್ದನೆಯ ದೋಣಿ. ಒಂದು ತುದಿಯಲ್ಲಿ ಅದನ್ನು ಬದಲಾಯಿಸಲು ಬಂದ ಡೇವ್, ಇನ್ನೊಂದು ತುದಿಯಲ್ಲಿ ಮೈಸೂರಿನಿಂದ ಬಂದಿರುವ ನನ್ನ ಅಮ್ಮ.

ಕಳೆದ ಚಳಿಗಾಲದಲ್ಲಿ ಸೂರಿನಂಚಿನ ಗಟರ್‌ನೊಳಗೆ ಮಳೆನೀರು ಹೆಪ್ಪುಗಟ್ಟಿ, ಕೀಲು ಬಿಟ್ಟು, ಗೋಡೆಯೆಲ್ಲ ನೆನೆದಿತ್ತು. ಈ ಸಲ ಚಳಿ ಬರುವ ಮೊದಲೇ ಹೊಸದು ಹಾಕಿಸಿದೆವು. ಹಳೆಯದನ್ನು ಡೇವ್ ಟ್ರಕ್ಕಿಗೆ ಎಸೆಯಲು ಹೊರಟ. ಖಾಲಿ ಮೊಸರಿನ ಡಬ್ಬಿಯನ್ನೂ ಬಿಸಾಡಲು ಬಿಡದ ಅಮ್ಮ ಓಡಿಬಂದು ಹಿಡಿದುಕೊಂಡಳು.

"ಮ್ಯಾಮ್, ಇದರ ತುಂಬಾ ತೂತು," ಎಂದ ಡೇವ್. ನಾನು ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ.

"ತೂತಿರೋದಕ್ಕೇ ಕಣೇ ಕೇಳ್ತಿರೋದು! ಇದ್ರಲ್ಲಿ ಮಣ್ಣು ತುಂಬಿ ಮೆಂತ್ಯ ಸೊಪ್ಪು ಹಾಕಿದ್ರೆ ನೀರು ಬಸಿದು ಹೋಗ್ಬೇಕಲ್ವಾ? ಕೈ ಬಿಡೋಕೆ ಹೇಳು ಅವನಿಗೆ."

ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಡೇವ್ ಜೋರಾಗಿ ನಕ್ಕು ಕೈ ಬಿಟ್ಟ. ತಾನೇ ಅದನ್ನು ಹಿತ್ತಲ ಬೇಲಿಗೆ ಬಿಗಿದೂ ಕೊಟ್ಟ. ಅಮ್ಮ ಖುಷಿಯಿಂದ ಅವನಿಗೆ ಫಿಲ್ಟರ್ ಕಾಫಿ ಕೊಟ್ಟು, ಸೂರಿನ ಹೊಸ ಗಟರ್ ನೋಡುತ್ತಾ ಅಂದಳು: "ಇದು ಎಷ್ಟು ವರ್ಷ ಬಾಳಿಕೆ ಬರತ್ತಂತೆ, ಕೇಳು."

"ಇಪ್ಪತ್ತು ವರ್ಷ ಯೋಚನೆಯೇ ಬೇಡ," ಎಂದ ಡೇವ್ ಹೆಮ್ಮೆಯಿಂದ.

ಅಮ್ಮನ ಮುಖ ಸಪ್ಪಗಾಯಿತು. "ಅಯ್ಯೋ, ಅಲ್ಲೀತನಕ ಕೊತ್ತಂಬರೀನ ಎಲ್ಲಿ ಹಾಕ್ಲಿ?"

ಈಗ ಬೇಲಿಯ ಬಳಿ ನಿಂತು ಪಕ್ಕದ ಮನೆಯ ಗಟರನ್ನೇ ನೋಡುತ್ತಿದ್ದಾಳೆ. ಪಾಪ, ಅದು ಇನ್ನೂ ಸೋರುತ್ತಿಲ್ಲ.