ಪಂಕಜಾಳ ಬೆವರು

ಮಂಜೇಶ್ವರದ ಕಡಲ ಬದಿಯ ಮನೆಯಲ್ಲಿ ಪಂಕಜಾ ಹೈಸ್ಕೂಲಿಗೆ ಹೋಗುವ ಕಾಲಕ್ಕೇ ಅವಳ ಮೈಯಿಂದ ಹಳಸಿದ ಮೀನಿನ ವಾಸನೆ ಬರುತ್ತಿತ್ತಂತೆ. ಅವಳ ಮೂಗಿಗೆ ಅದು ಎಂದೂ ತಿಳಿದದ್ದಿಲ್ಲ. ಅಮ್ಮ ಮಾತ್ರ ತೆಂಗಿನ ನಾರು ಹಿಡಿದು ಬೆನ್ನು ಕೆಂಪಾಗುವಷ್ಟು ತಿಕ್ಕುತ್ತಿದ್ದಳು. "ಮಿಂದು ಬಾ ಅಂದ್ರೆ ನೀರು ಮುಟ್ಟಿ ಬರ್ತಿಯಲ್ಲ!" ಎಂದು ಬೈಯುತ್ತಿದ್ದಳು. ಮುಂದೆ ಎರಡು ಸಂಬಂಧಗಳು ಹೆಣ್ಣು ನೋಡಿ ಹೋದವು, ತಿರುಗಿ ಬರಲಿಲ್ಲ. ಮಗಳಿಗೆ ಸರಿಯಾಗಿ ಮೀಯಲು ಗೊತ್ತಿಲ್ಲ ಎಂದೇ ನಂಬಿಕೊಂಡು ಅಮ್ಮ ತೀರಿಕೊಂಡಳು.

ಪಂಕಜಾಳಿಗೆ ಕೊಚ್ಚಿಯ ಕಲೂರಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತೆಯ ಕೆಲಸ. ಎರಡು ಸಾವಿರದ ಆರರ ಮಳೆಗಾಲದಲ್ಲಿ ಮ್ಯಾನೇಜರ್ ಅವಳನ್ನು ಕೌಂಟರಿನಿಂದ ಎಬ್ಬಿಸಿ, ಹಳೆಯ ಕಡತಗಳ ಕೋಣೆಗೆ ಹಾಕಿದರು. "ಅಲ್ಲಿ ನಿಮಗೆ ಆರಾಮ" ಎಂದರು. ಕಾರಣವನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಊರಿನ ನೆರೆಮನೆಯ ಹುಡುಗಿ ರಮ್ಯಶ್ರೀ ಆಗ ತಿರುವನಂತಪುರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಕುಸಿದ ಕಟ್ಟಡದಡಿ ಸಿಕ್ಕಿಬಿದ್ದವರನ್ನು ಮೈವಾಸನೆಯಿಂದ ಪತ್ತೆಮಾಡುವ ಅಗ್ಗದ ಸೆನ್ಸರ್ ತಯಾರಿಸುವುದು ಅವಳ ಕೆಲಸ. ಉಗುರಿನಷ್ಟು ಗಾಜಿನ ಮೇಲೆ ತೆಳುವಾದ ಲೇಪ; ಬೆವರಿನ ಅನಿಲ ತಾಗಿದರೆ ಅದರಲ್ಲಿ ಹರಿಯುವ ಕರೆಂಟು ಏರಿಳಿಯುತ್ತದೆ, ಕಂಪ್ಯೂಟರಿನಲ್ಲಿ ಗೆರೆ ಮೂಡುತ್ತದೆ. ಅದಕ್ಕೆ ಬಗೆಬಗೆಯ ಜನರ ಬೆವರು ಬೇಕಿತ್ತು.

"ಪಂಕಜಕ್ಕ, ನಿಮ್ಮ ಬೆವರು ಸ್ವಲ್ಪ ಬೇಕಿತ್ತು. ನಗಾಡ್ಬೇಡಿ" ಎಂದು ಫೋನ್ ಮಾಡಿದಳು.

ಪಂಕಜಾಳಿಗೆ ನಗು ಬರಲಿಲ್ಲ. ರಜೆಯ ದಿನ, ರಮ್ಯಶ್ರೀ ಹೇಳಿದಂತೆ ಸೋಪು ಹಾಕದೆ ಮಿಂದು ಹೊರಟಳು. ರೈಲಿನಲ್ಲಿ ದಾರಿಯುದ್ದಕ್ಕೂ ಬಾಗಿಲ ಬಳಿ ಗಾಳಿಗೆ ನಿಂತೇ ಇದ್ದಳು.

ತಿರುವನಂತಪುರದ ಶ್ರೀಕಾರ್ಯಂನಲ್ಲಿದ್ದ ರಮ್ಯಶ್ರೀಯ ಪ್ರಯೋಗಾಲಯದಲ್ಲಿ ಅವಳು ಕಂಕುಳಲ್ಲಿಟ್ಟು ಕೊಟ್ಟ ಹತ್ತಿಯನ್ನು ಸೀಸೆಗೆ ಹಾಕಿದರು. ಗೆರೆ ಪರದೆಯ ಅಂಚು ದಾಟಿ ಮೇಲೆ ಹೋಯಿತು. ರಮ್ಯಶ್ರೀಯ ಗೈಡ್ ಇಣುಕಿ ನೋಡಿ, "ಇದನ್ನು ತೆಗೆದುಬಿಡು, ಒಬ್ಬರಿಂದ ಇಡೀ ಗ್ರಾಫ್ ಕೆಡುತ್ತದೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಹೋದರು. ಪಂಕಜಾಳಿಗೆ ಇಂಗ್ಲಿಷ್ ಬರುತ್ತದೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

"ನಂದು ಎಂತಾಯ್ತು? ಸತ್ಯ ಹೇಳು."

"ಅಕ್ಕ, ಮೀನು ಹಾಳಾಗುವಾಗ ಬರುವ ಅನಿಲ ಉಂಟಲ್ಲ, ಅಂಥದ್ದು ತುಂಬ ತೋರಿಸ್ತಾ ಉಂಟು. ಇದು ಒಳಗಿಂದ ಬರುವುದು. ಡಾಕ್ಟರಿಗೆ ತೋರಿಸುವ."

"ಮೀಯದ್ದರಿಂದ ಅಲ್ಲವಾ?"

"ಅಲ್ಲ ಅಕ್ಕ."

"ಇನ್ನೊಮ್ಮೆ ಹೇಳು."

ರಮ್ಯಶ್ರೀ ಇನ್ನೊಮ್ಮೆ ಹೇಳಿದಳು. ಪಂಕಜಾ ಸ್ಟೂಲಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮೂತ್ರದ ಪರೀಕ್ಷೆಯಾದ ಮೇಲೆ ಡಾಕ್ಟರೂ ಅದನ್ನೇ ಹೇಳಿದರು. ಇದು ಹುಟ್ಟಿನಿಂದ ಬಂದ ಕೊರತೆ, ಅಂಟುವ ಕಾಯಿಲೆಯಲ್ಲ. ವಾಸಿ ಮಾಡುವ ಮದ್ದಿಲ್ಲ, ಮೀನು ಮೊಟ್ಟೆ ಬಿಟ್ಟರೆ ತುಸು ಕಡಿಮೆಯಾದೀತು. ಮೀನಿಲ್ಲದೆ ಅನ್ನ ಇಳಿಯದ ಪಂಕಜಾ ಅಂದಿನಿಂದ ಸಾರು ಮಜ್ಜಿಗೆಯಲ್ಲಿ ಉಂಡಳು.

ಇನ್ನು ಜನರಿಗೆ ಅರ್ಥವಾದೀತೆಂದು ಅವಳು ಮ್ಯಾನೇಜರ್ ಬಳಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಕಾಯಿಲೆಯಾ? ಹಾಗಾದರೆ ಕೌಂಟರಿಗೆ ಕಳಿಸುವುದು ಇನ್ನೂ ಕಷ್ಟ."

ಮಾತು ಹಬ್ಬಿತು. ಊಟದ ಕೋಣೆಯಲ್ಲಿ ಯಾರೋ ಅವಳ ಲೋಟವನ್ನು ಬೇರೆ ಇಟ್ಟರು. ಅತ್ತ ರಮ್ಯಶ್ರೀಯ ಪ್ರಬಂಧ ಅಚ್ಚಾಯಿತು. ಪಂಕಜಾಳ ಗೆರೆ ಅದರಲ್ಲಿರಲಿಲ್ಲ. "ಹೇಳಿ ನೋಡಿದೆ ಅಕ್ಕ, ಸಾರ್ ಕೇಳಲಿಲ್ಲ" ಎಂದು ಹುಡುಗಿ ಫೋನಿನಲ್ಲಿ ಅತ್ತಳು. ಸಮಾಧಾನ ಮಾಡಬೇಕಾದವಳು ಪಂಕಜಾಳೇ ಆದಳು.

ಮಾರನೆಯ ಬೆಳಿಗ್ಗೆ ಅವಳು ಕಡತದ ಕೋಣೆಗೆ ಹೋಗಲಿಲ್ಲ. ನೇರ ಕೌಂಟರಿನ ತನ್ನ ಹಳೆಯ ಜಾಗದಲ್ಲಿ ಕೂತಳು. ಮ್ಯಾನೇಜರ್ ಓಡಿಬಂದರು.

"ಸಾರ್, ನನ್ನನ್ನು ಒಳಗೆ ಹಾಕುವುದಾದರೆ ಯಾಕೆ ಅಂತ ಬರೆದು ಕೊಡಿ" ಎಂದಳು.

ಅವರು ಬರೆದು ಕೊಡಲಿಲ್ಲ. ಪಂಕಜಾ ಅಲ್ಲೇ ಉಳಿದಳು. ಗ್ರಾಹಕರಲ್ಲಿ ಕೆಲವರು ಮೂಗಿಗೆ ಕರವಸ್ತ್ರ ಹಿಡಿದರು, ಕೆಲವರು ದೂರು ಕೊಟ್ಟರು. ಊಟದ ಕೋಣೆಯಲ್ಲಿ ಅವಳ ಲೋಟ ಮಾತ್ರ ಕೊನೆಯವರೆಗೂ ಬೇರೆಯೇ ಇತ್ತು.