ಕಥೆಗೆ ಸೇರಿಸಿದ ಇಬ್ಬನಿ

ಗಜೇಂದ್ರಗಡದ ನೇಕಾರರ ಓಣಿಗೆ ಸೊಸೆಯಾಗಿ ಬಂದ ಮೇಲೆಯೇ ಇಟಗಿಯ ಶಾಂಭವಿ ಕಥೆ ಕಟ್ಟಲು ಕಲಿತದ್ದು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರೆ, ಲಾಳಿ ಆಚೆಯಿಂದ ಈಚೆಗೆ ಬರುವಷ್ಟರಲ್ಲಿ ಒಂದು ಮಾತು ಹೊಳೆಯುತ್ತಿತ್ತು. ಊಟದ ಹೊತ್ತಿಗೆ ಅದನ್ನು ಮೊಬೈಲಿನಲ್ಲಿ ಬರೆದಿಡುತ್ತಿದ್ದಳು. ಅವಳ ಹೆಸರು ಮಾತ್ರ ಇನ್ನೂ ಎಲ್ಲಿಯೂ ಅಚ್ಚಾಗಿರಲಿಲ್ಲ.

ಆ ಕಾರ್ತಿಕದಲ್ಲಿ ವಾರಪತ್ರಿಕೆಯೊಂದು ಪುಟ್ಟ ಕಥೆಗಳ ಸ್ಪರ್ಧೆ ಕರೆಯಿತು. ಹವಾಮಾನ ಕೆಟ್ಟುಹೋದ ಮುಂದಿನ ಕಾಲದ ಕಥೆ, ಇನ್ನೂರು ಪದ ಮೀರಬಾರದು. ಶಾಂಭವಿ ತನ್ನ ಓಣಿಯನ್ನೇ ಬರೆದಳು. ಸೀರೆಯ ಉದ್ದೆಳೆಗಳನ್ನು, ಅಂದರೆ ಹಾಸನ್ನು, ನಸುಕಿನಲ್ಲಿ ಬೀದಿಗೆ ಎಳೆದು ಕಟ್ಟಿ, ಗಂಜಿ ಹಚ್ಚಿ ಕುಂಚದಿಂದ ತೀಡುವ ಹೆಂಗಸರು. ಇಬ್ಬನಿಯೇ ಬೀಳದ ಒಂದು ಚಳಿಗಾಲ. ಕುಂಚ ತುದಿ ಮುಟ್ಟುವ ಮೊದಲೇ ಗಂಜಿ ಒಣಗಿ, ಎಳೆಗಳು ಒಂದೊಂದಾಗಿ ಕಡಿಯುವ ಸದ್ದು.

ಅದೇ ವಾರ ಅವರ ಮನೆಯ ಹಾಸು ಹಾಗೆಯೇ ಒಣಗಿ ಕಡಿಯಿತು. ಮನೆಯಲ್ಲಿ ಉಳಿದದ್ದು ಇನ್ನೊಂದೇ ಹಾಸಿನ ನೂಲು. ಅದೂ ಹೋದರೆ ಮಗ್ಗ ನಿಂತಂತೆ.

ಅತ್ತೆ ಬಾಳವ್ವ ಆ ಕಥೆಯನ್ನು ಕೇಳಿಸಿಕೊಂಡಿದ್ದಳು. ಬೈಯಲಿಲ್ಲ. ಕಡಿದ ನೂಲನ್ನು ಉಡಿಯಲ್ಲಿ ತುಂಬಿಕೊಂಡು ಬಂದು ಪಕ್ಕದಲ್ಲಿ ಕುಳಿತಳು.

"ನೀ ಬರದಂಗ ಆತು ನೋಡವ್ವಾ."

ಹೋದ ವರ್ಷವೇ ಇಬ್ಬನಿ ತೆಳುವಾಗಿತ್ತು, ಚಿಕ್ಕನರಗುಂದದ ಕಡೆ ಕಡಲೆ ಬಾಡಿದ್ದೂ ಅದಕ್ಕೇ, ಇದರಲ್ಲಿ ಕಥೆಯದೇನಿದೆ ಎಂದು ಶಾಂಭವಿ ತಿಳಿಸಿ ಹೇಳಿದಳು. ಬಾಳವ್ವನ ಲಕ್ಷ್ಯ ಬೇರೆ ಕಡೆಗಿತ್ತು.

"ಹಂಗಾರ ಕಡೀಕ ಇಬ್ಬನಿ ಬಿತ್ತು ಅಂತ ಬರಿ. ಎರಡು ಸಾಲು."

"ಹಂಗ ಬರದ್ರ ಕಥಿ ಕೆಡತೈತ್ರಿ, ಅತ್ತಿ."

"ಕೆಟ್ರ ಇನ್ನೊಂದು ಬರೀತಿ. ನೂಲು ಇರೋದು ಒಂದ ಹಾಸಿಂದು."

ಶಾಂಭವಿ ಬರೆದಳು. ಪದ ಮೀರಬಾರದೆಂದು ಎಳೆ ಕಡಿಯುವ ಸದ್ದನ್ನು ತೆಗೆದಳು. ಕಥೆಯಲ್ಲಿ ಅವಳಿಗೆ ಬಹಳ ಹಿಡಿಸಿದ್ದು ಅದೇ. ನೂಲಿನ ಮೇಲೆ ಇಬ್ಬನಿ ಕೂತಿತು ಎಂದು ಸೇರಿಸಿ, ಅತ್ತೆಗೆ ಓದಿ ಹೇಳಿ, ಪತ್ರಿಕೆಗೆ ಕಳಿಸಿದಳು. ಬಾಳವ್ವ ಅಂದು ಸಂಜೆಯೇ ಓಣಿಯ ಹೆಂಗಸರಿಗೆ ಕಥೆಯ ಸುದ್ದಿ ಹೇಳಿ, ಉಳಿದ ನೂಲನ್ನು ಅಣಿಮಾಡಿದಳು.

ಮರುದಿನ ನಸುಕಿಗೆ ಹಾಸು ಬೀದಿಯಲ್ಲಿತ್ತು. ಗಂಜಿ ಕಲಸಿ, ಓಣಿಯ ಹೆಂಗಸರು ಕುಂಚ ಹಿಡಿದು ನಿಂತಿದ್ದರು. ಗಾಳಿ ಬೆಚ್ಚಗಿತ್ತು. ಬಾಳವ್ವ ಕಟ್ಟೆಯ ಕಲ್ಲಿಗೆ ಅಂಗೈ ಒತ್ತಿದಳು. ಆ ಕೈಯನ್ನು ಕೆನ್ನೆಗೆ ಹಿಡಿದು ನೋಡಿದಳು. ಒಣಗಿತ್ತು.

ಅವಳು ಸೊಸೆಯ ಕಡೆ ತಿರುಗಿದಳು. ಹೆಂಗಸರೆಲ್ಲ ತಿರುಗಿದರು. ಒಬ್ಬರ ಮುಖದಲ್ಲೂ ಸಿಟ್ಟಿರಲಿಲ್ಲ.

"ಇನ್ನೊಮ್ಮೆ ಬರಿ," ಎಂದಳು ಬಾಳವ್ವ. "ಈ ಸಲ ಮನಸಿಟ್ಟು ಬರಿ. ನಾವು ನಿಂತಿರತೀವಿ."