ಟೈಲರಮ್ಮನ ಹಸಿರು ಪತಂಗ

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಟೈಲರಮ್ಮ ಎಂದೇ. ಹಗಲೆಲ್ಲ ಮಿಷನ್ ತುಳಿದು, ಕತ್ತಲಾದರೆ ತಾರಸಿ ಹತ್ತುವ ಹುಚ್ಚು ಅವಳದು. ಬಕೆಟ್ಟಿನ ಬಾಯಿಗೆ ಆಲಿಕೆ ಕೂರಿಸಿ, ಮೇಲೊಂದು ದೀಪ ಹಚ್ಚಿ, ಒಳಗೆ ಮೊಟ್ಟೆಯ ಹಳೇ ಟ್ರೇ ಇಟ್ಟರೆ ಬಲೆ ಸಿದ್ಧ. ಬೆಳಕಿಗೆ ಬಂದ ಪತಂಗಗಳು ಒಳಗೆ ಜಾರಿ ಟ್ರೇಯ ಗುಳಿಗಳಲ್ಲಿ ಹಾಯಾಗಿ ಕೂರುತ್ತಿದ್ದವು. ಯಾವುದು ಬಂತೆಂದು ಬರೆದುಕೊಂಡು ಅವನ್ನು ಹಾರಿಬಿಟ್ಟು, ಊರಿನ ಪತಂಗ ಬಳಗಕ್ಕೆ ಸುದ್ದಿ ಕಳಿಸುತ್ತಿದ್ದಳು.

ಕಣ್ಣಿಗೆ ಪೊರೆ ಬಂದದ್ದೇ ತಡ, ಪತಂಗಗಳೆಲ್ಲ ಬೂದಿಯ ಚುಕ್ಕೆಗಳಾದವು. ಆಗ ಅವಳಿಗೆ ಕಣ್ಣಾದವಳು ಜೊತೆಯಲ್ಲೇ ಇದ್ದ ನಾದಿನಿ. ಹುಳು ಕಂಡರೆ ಮಾರು ದೂರ ಹಾರುವ ಹೆಂಗಸು! ಬಕೆಟ್ಟಿನ ಕಡೆ ಕತ್ತು ಚಾಚಿ, "ಕಂದು. ಇದೂ ಕಂದು. ಅದೂ ಕಂದೇ ಅತ್ತಿಗೆ, ನಡಿ ಹೋಗೋಣ" ಎನ್ನುತ್ತಿದ್ದಳು. ಬಳಗಕ್ಕೆ ಏನೆಂದು ಕಳಿಸುವುದು? ಟೈಲರಮ್ಮ ಕಳಿಸುವುದನ್ನೇ ಬಿಟ್ಟಳು.

ಚಳಿ ಇಳಿಯುವ ಹೊತ್ತಿಗೆ ಆಪರೇಷನ್ ಆಯಿತು. ಕಪ್ಪು ಕನ್ನಡಕ ಇನ್ನು ಬೇಡವೆಂದು ಡಾಕ್ಟರು ಹೇಳಿದ ದಿನವೇ ಗಾಳಿಯೂ ಬೆಚ್ಚಗಾಗಿತ್ತು.

"ಇವತ್ತು ಬರ್ತಾವೆ ನೋಡು" ಎಂದು ಟೈಲರಮ್ಮ ಬಕೆಟ್ಟು ಎತ್ತಿಕೊಂಡಳು.

"ಹುಳ ನೋಡೋಕಾ ಆಪರೇಷನ್ ಮಾಡಿಸ್ಕೊಂಡಿದ್ದು?"

"ಮತ್ತೇನು, ನಿನ್ನ ಮುಖ ನೋಡೋಕಾ?"

ದೀಪ ಹಚ್ಚಿ ಕೂತರು. ಎಷ್ಟು ಹೊತ್ತಾದರೂ ಒಂದು ಹುಳವೂ ಸುಳಿಯಲಿಲ್ಲ. ನಾದಿನಿ ಆಕಳಿಸಿ ಏಳುವಷ್ಟರಲ್ಲಿ ಬಕೆಟ್ಟಿನೊಳಗೆ ಪಟಪಟ ಸದ್ದಾಯಿತು. ಅವಳು ಅಭ್ಯಾಸಬಲದಿಂದ, "ಕಂದು" ಎಂದಳು.

ಟೈಲರಮ್ಮ ಟ್ರೇ ಎತ್ತಿ ಟಾರ್ಚ್ ಹಿಡಿದಳು. ಕಂದೆಲ್ಲಿ ಬಂತು! ನೆನೆದ ಪಾಚಿಯ ಹಸಿರು. ಅದರ ಮೇಲೆ ಸಣ್ಣ ಕೈಹೊಲಿಗೆಯಂಥ ಬಿಳಿ ಗೆರೆ, ರೆಕ್ಕೆಯಂಚಿಗೆ ಕರಿ ಜಾಲರಿ. ಒಂದೊಂದು ರೋಮವೂ ಬಿಡಿಬಿಡಿಯಾಗಿ ಕಂಡಿತು.

"ಹಸಿರು ಕಣೇ! ಹಸಿರು! ಇಷ್ಟು ದಿನ ಏನೇ ನೋಡ್ತಿದ್ದೆ ನೀನು?"

"ನಾನೆಲ್ಲಿ ನೋಡ್ತಿದ್ದೆ? ಕಣ್ಣು ಮುಚ್ಕೊಂಡೇ ಹೇಳ್ತಿದ್ದೆ ಅತ್ತಿಗೆ!"

ಟೈಲರಮ್ಮ ಬಿದ್ದು ಬಿದ್ದು ನಕ್ಕಳು. ಪಕ್ಕದ ಮನೆಯ ಕಿಟಕಿ ತೆರೆಯಿತು. "ಏನ್ರೀ, ಕಳ್ಳನಾ?"

"ಅಲ್ಲ ರೀ, ಪತಂಗ!" ಎಂದು ನಾದಿನಿಯೇ ಎದೆಯುಬ್ಬಿಸಿ ಕೂಗಿದಳು.

ಫೋಟೋ ತೆಗೆದು ಬಳಗಕ್ಕೆ ಕಳಿಸಿದ್ದಾಯಿತು. ಬಳಗದ ಮೇಷ್ಟರು ಕೂಡಲೇ ಫೋನ್ ಮಾಡಿದರು. "ಈ ಊರಲ್ಲಿ ಇದು ಯಾರಿಗೂ ಸಿಕ್ಕಿರಲಿಲ್ಲಮ್ಮ! ಎಲ್ಲಿ ಹೋಗಿದ್ರಿ ಇಷ್ಟು ದಿನ?"

"ಇಲ್ಲೇ ಇದ್ದೆ ಮೇಷ್ಟ್ರೇ. ಈಗ ಕಾಣಿಸ್ತಿದೆ ನೋಡಿ!"

ಆಮೇಲೆ ಒಂದರ ಹಿಂದೊಂದು ಬಂದವು. ಇಟ್ಟಿಗೆಗೆಂಪು, ಒಣಹುಲ್ಲಿನ ಹಳದಿ, ಬೆಳ್ಳಿಯ ಚುಕ್ಕೆಯದೊಂದು. ಟೈಲರಮ್ಮ ದನಿಯೆತ್ತಿ ಹೇಳಿದಳು, ನಾದಿನಿ ಬರೆದುಕೊಂಡಳು.